ಪಾಲನೆಯಲ್ಲಿರುವ ಮಕ್ಕಳ ಬಗ್ಗೆ ಕೇಸ್ ನೋಟ್ಸ್ ಬರೆಯುವುದು ಹೇಗೆ? ಫೈಲಿಗೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಹೆತ್ತವರ ಜೊತೆ ಬೆಳೆದವರಿಗೆ ಅವರ ಬಾಲ್ಯದ ಕಥೆ ಹೇಳುವವರು ಯಾರಾದರೂ ಇರುತ್ತಾರೆ. ಯಾವಾಗ ನಡೆಯಲು ಕಲಿತೆ, ಶಾಲೆಯ ಮೊದಲ ದಿನ ಎಷ್ಟು ಅತ್ತೆ, ಹಣೆಯ ಮೇಲಿನ ಗಾಯದ ಗುರುತು ಎಲ್ಲಿಂದ ಬಂತು ಅಂತ ಅಮ್ಮನೋ ಅಜ್ಜಿಯೋ ಅಕ್ಕನೋ ಹೇಳುತ್ತಾರೆ. ಮಕ್ಕಳ ಹೋಮ್‌ನಲ್ಲೋ ಸಾಕು ಕುಟುಂಬದಲ್ಲೋ ಬೆಳೆಯುವ ಮಗುವಿಗೆ ಆ ಅನುಕೂಲ ಕಡಿಮೆ. ಸಿಬ್ಬಂದಿ ಬದಲಾಗುತ್ತಾರೆ, ಇರುವ ಜಾಗ ಬದಲಾಗುತ್ತದೆ, ಶಾಲೆ ಬದಲಾಗುತ್ತದೆ. ಮಗುವಿನ ಜೊತೆ ಕೊನೆತನಕ ಬರುವುದು ಅದರ ಫೈಲ್ ಒಂದೇ.

ಆ ಫೈಲಿಗೆ ಬರೆಯುವವರಿಗಾಗಿ ಈ ಮಾರ್ಗದರ್ಶಿ. ನೀವು ಕೇಸ್ ವರ್ಕರ್ ಆಗಿರಬಹುದು, ಕೌನ್ಸೆಲರ್ ಆಗಿರಬಹುದು, ರಾತ್ರಿ ಪಾಳಿಯಲ್ಲಿ ರಿಜಿಸ್ಟರ್ ತುಂಬುವ ಹೌಸ್ ಮದರ್ ಆಗಿರಬಹುದು. ಕರುಣೆಯಿಂದ ಬರೆಯಿರಿ ಅಂದ ಕೂಡಲೇ ಸಿಹಿ ಸಿಹಿಯಾಗಿ ಬರೆಯಬೇಕೇನೋ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದಕ್ಕೆ ಬೇಕಾದದ್ದು ಖಚಿತತೆ. ನಡೆದದ್ದನ್ನು ಸರಿಯಾಗಿ ನೋಡಿ, ಸರಿಯಾಗಿ ಬರೆದರೆ ಮುಕ್ಕಾಲು ಪಾಲು ಕರುಣೆ ತಾನಾಗಿ ಬರುತ್ತದೆ.

1. ಯಾರು ಓದುತ್ತಾರೆ ಅನ್ನುವುದನ್ನು ಮೊದಲು ತೀರ್ಮಾನಿಸಿ

ಮೇಲಧಿಕಾರಿ ಓದುತ್ತಾರೆ, ನ್ಯಾಯಾಲಯ ಓದಬಹುದು, ನಿಮ್ಮ ಜಾಗಕ್ಕೆ ಬರುವವರು ಓದಲೇಬೇಕು. ಇವರೆಲ್ಲರ ಜೊತೆ ಇನ್ನೊಬ್ಬ ಓದುಗರನ್ನು ಸೇರಿಸಿಕೊಳ್ಳಿ: ಮೂವತ್ತು ವರ್ಷ ತುಂಬಿದ ಅದೇ ಮಗು.

ಇದು ಕಲ್ಪನೆಯ ಮಾತಲ್ಲ. ಬ್ರಿಟನ್ನಿನಲ್ಲಿ ಹಸುಗೂಸಾಗಿದ್ದಾಗಲೇ ಪಾಲನೆಗೆ ಬಂದ ಗ್ರಹಾಂ ಗ್ಯಾಸ್ಕಿನ್, ದೊಡ್ಡವರಾದ ಮೇಲೆ ತಮ್ಮ ಫೈಲ್ ಕೇಳಿದರು. ಪೂರ್ತಿ ಸಿಗಲಿಲ್ಲ. ವಿಷಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1989ರ ಜುಲೈನಲ್ಲಿ ತೀರ್ಪು ಬಂದಾಗ, ತಮ್ಮ ಬಾಲ್ಯವನ್ನು ತಿಳಿದುಕೊಳ್ಳಲು ಬೇಕಾದ ಮಾಹಿತಿ ಪಡೆಯುವುದು ಇಂಥವರಿಗೆ ಬಹಳ ಮುಖ್ಯ ಎಂದು ನ್ಯಾಯಾಲಯ ಒಪ್ಪಿತು. ಅದೇ ವರ್ಷ ನವೆಂಬರಿನಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು ಎನ್ನುತ್ತದೆ ಅದರ 12ನೇ ವಿಧಿ. ಪಾಲನೆಯಲ್ಲಿ ಇಟ್ಟ ಮಗುವಿನ ಪರಿಸ್ಥಿತಿಯನ್ನು ಆಗಾಗ ಪರಿಶೀಲಿಸಬೇಕು ಎನ್ನುತ್ತದೆ 25ನೇ ವಿಧಿ. ಬದಲಿ ಪಾಲನೆ ಕುರಿತು ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಗಳು, ಮಗುವಿನ ದಾಖಲೆ ಪೂರ್ತಿಯಾಗಿರಬೇಕು, ಗೋಪ್ಯವಾಗಿರಬೇಕು, ಮಗು ಹೋದಲ್ಲೆಲ್ಲ ಜೊತೆಗೆ ಹೋಗಬೇಕು ಎಂದು ಹೇಳುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಫೈಲನ್ನು ಆ ವ್ಯಕ್ತಿಯ 75ನೇ ಹುಟ್ಟುಹಬ್ಬದವರೆಗೆ ಇಟ್ಟಿರಬೇಕೆಂಬ ನಿಯಮವೇ ಇದೆ. ಭಾರತದ 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂನಲ್ಲಿ, ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆರೋಪದ ಧಾಟಿಯ ಮಾತು ಬಳಸಬಾರದು ಎಂದಿದೆ.

ಇಷ್ಟೆಲ್ಲ ಇದ್ದೂ ಫೈಲುಗಳು ಇನ್ನೂ ಪಂಚನಾಮೆಯ ಭಾಷೆಯಲ್ಲೇ ಇರುತ್ತವೆ ಅನ್ನುವುದು ಬೇರೆ ಮಾತು.

2. ಅವತ್ತೇ ಬರೆಯಿರಿ

ಘಟನೆ ನಡೆದ ದಿನವೇ ಬರೆಯಿರಿ. ಆಗದಿದ್ದರೆ ಕನಿಷ್ಠ ನಾಲ್ಕು ಮಾತು ಗೀಚಿಟ್ಟುಕೊಂಡು ಮರುದಿನ ಬಿಡಿಸಿ ಬರೆಯಿರಿ. ವಾರ ಕಳೆದರೆ ಮಗು ಆಡಿದ ಮಾತು ಮರೆತುಹೋಗಿ, ಅದರ ಬಗ್ಗೆ ನಿಮಗಿದ್ದ ಅಭಿಪ್ರಾಯ ಮಾತ್ರ ಉಳಿಯುತ್ತದೆ. ತಡವಾಗಿ ಬರೆದರೆ ಎರಡೂ ದಿನಾಂಕ ಹಾಕಿ: ನಡೆದದ್ದು ಯಾವಾಗ, ಬರೆದದ್ದು ಯಾವಾಗ. ಸಿಟ್ಟಿನಲ್ಲಿದ್ದಾಗ ಮಾತ್ರ ಬರೆಯಬೇಡಿ. ಮಗು ನಿಮಗೇ ಬೈದಿದ್ದರೆ ಒಂದು ಲೋಟ ನೀರು ಕುಡಿದು, ಆಮೇಲೆ ಪೆನ್ನು ಹಿಡಿಯಿರಿ.

3. ಕಂಡದ್ದು, ಕೇಳಿದ್ದು, ಅನ್ನಿಸಿದ್ದು: ಮೂರನ್ನೂ ಬೇರೆ ಬೇರೆ ಇಡಿ

ಕೆಟ್ಟ ನೋಟ್‌ಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ‘ಹುಡುಗಿ ಸುಳ್ಳು ಹೇಳುತ್ತಾಳೆ’ ಎನ್ನುವುದು ಯಾರೋ ಹೇಳಿದ್ದೋ, ನೀವು ಕಂಡದ್ದೋ, ನಿಮಗೆ ಅನ್ನಿಸಿದ್ದೋ? ಓದುವವರಿಗೆ ಗೊತ್ತಾಗುವುದಿಲ್ಲ. ಹೀಗೆ ಬಿಡಿಸಿ: ‘ಹೋಮ್‌ವರ್ಕ್ ಮಾಡಿದ್ದೇನೆ ಎಂದಳು. ಪುಸ್ತಕ ಖಾಲಿ ಇತ್ತು. ಕೇಳಿದಾಗ, ಲೆಕ್ಕ ಅರ್ಥವಾಗಲಿಲ್ಲ, ಬೈತೀರಿ ಅಂತ ಹೇಳಲಿಲ್ಲ ಎಂದಳು.’ ಈಗ ಸುಳ್ಳು ಕಾಣುವುದಿಲ್ಲ, ಹೆದರಿಕೆ ಕಾಣುತ್ತದೆ. ಮಾಡಬೇಕಾದ ಕೆಲಸವೂ ಕಾಣುತ್ತದೆ.

ನಿಮಗೆ ಅನ್ನಿಸಿದ್ದನ್ನು ಬರೆಯಲೇಬಾರದು ಅಂತಲ್ಲ. ಅನುಭವಸ್ಥರ ಅಂದಾಜಿಗೆ ಬೆಲೆ ಇದೆ. ‘ನನಗೆ ಅನ್ನಿಸಿದ್ದು’ ಎಂದು ಶುರು ಮಾಡಿ, ಯಾಕೆ ಹಾಗನ್ನಿಸಿತು ಅಂತಲೂ ಒಂದು ಮಾತು ಸೇರಿಸಿ. ಬೇರೆಯವರು ಹೇಳಿದ್ದಾದರೆ ಯಾರು ಹೇಳಿದರು, ಅವರು ಕಣ್ಣಾರೆ ಕಂಡಿದ್ದರೇ ಎಂದು ಬರೆಯಿರಿ.

4. ಹಣೆಪಟ್ಟಿ ಕಿತ್ತುಹಾಕಿ

ಫೈಲ್ ತಿರುವಿ ಹಾಕಿದವರಿಗೆಲ್ಲ ಈ ಮಾತುಗಳು ಪರಿಚಿತ: ಹಟಮಾರಿ, ಕಳ್ಳತನದ ಸ್ವಭಾವ, ಗಮನ ಸೆಳೆಯಲು ಅಳುತ್ತಾನೆ, ಸಹಕರಿಸುವುದಿಲ್ಲ, ಹೊಂದಿಕೊಳ್ಳುತ್ತಿಲ್ಲ. ಬರೆಯುವವರಿಗೆ ಇವು ಸುಲಭ, ಒಂದೇ ಪದದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಪದ ಫೈಲಿನಿಂದ ಫೈಲಿಗೆ ಕಾಪಿ ಆಗುತ್ತಾ ಹೋಗುತ್ತದೆ. ಎಂಟು ವರ್ಷದಲ್ಲಿ ಯಾರದೋ ಪೆನ್ನು ಎತ್ತಿಕೊಂಡವನು ಹದಿನಾರಕ್ಕೆ ಹೊಸ ಜಾಗಕ್ಕೆ ಹೋದಾಗ, ಅವನು ಬರುವ ಮೊದಲೇ ಕಪಾಟುಗಳಿಗೆ ಬೀಗ ಬಿದ್ದಿರುತ್ತದೆ.

ಹಣೆಪಟ್ಟಿಯ ಬದಲು ನಡೆದದ್ದನ್ನು ಬರೆಯಿರಿ. ‘ಊಟ ಕದಿಯುತ್ತಾಳೆ’ ಅಂತ ಬರೆಯುವ ಜಾಗದಲ್ಲಿ, ‘ಈ ವಾರ ಎರಡು ಸಲ ದಿಂಬಿನ ಕೆಳಗೆ ತಿಂಡಿ ಸಿಕ್ಕಿತು. ರಾತ್ರಿ ಹಸಿವಾದರೆ ಅಂತ ಇಟ್ಟುಕೊಂಡೆ ಎಂದಳು’ ಅಂತ ಬರೆಯಬಹುದು. ಹಸಿವು ಕಂಡ ಮಕ್ಕಳು ಆಹಾರ ಬಚ್ಚಿಡುವುದು ಸಾಮಾನ್ಯ. ಮೊದಲ ವಾಕ್ಯ ಓದಿದವರು ಶಿಕ್ಷೆ ಕೊಡುತ್ತಾರೆ. ಎರಡನೆಯದನ್ನು ಓದಿದವರು ರಾತ್ರಿಗೂ ಏನಾದರೂ ತಿನ್ನಲು ಇಡುತ್ತಾರೆ.

‘ಓಡಿಹೋದ’ ಎಂದು ಬರೆಯುವ ಮುಂಚೆ ಎಲ್ಲಿಗೆ ಹೋದ, ಯಾರನ್ನು ನೋಡಲು ಹೋದ, ಹಿಂದಿನ ದಿನ ಏನಾಗಿತ್ತು ಎಂದು ಕೇಳಿ. ತಂಗಿಯನ್ನು ನೋಡಲು ಹೋದ ಹುಡುಗ ಓಡಿಹೋದವನಲ್ಲ, ತಂಗಿಯನ್ನು ನೋಡಲು ಹೋದವನು. ಅನುಮತಿ ಇರಲಿಲ್ಲ, ಎಷ್ಟು ಹೊತ್ತು ಕಾಣೆಯಾಗಿದ್ದ ಎನ್ನುವುದನ್ನೂ ಅಲ್ಲೇ ಬರೆಯಿರಿ.

‘ಸಹಕರಿಸಲಿಲ್ಲ’ ಎನ್ನುವುದಕ್ಕಂತೂ ನನ್ನ ತಕರಾರಿದೆ. ನಿನ್ನೆ ಪರಿಚಯವಾದವರ ಮುಂದೆ ಮನೆಯ ನೋವು ಹೇಳಿಕೊಳ್ಳಲು ದೊಡ್ಡವರೇ ಒಪ್ಪುವುದಿಲ್ಲ. ‘ಇವತ್ತು ಮಾತಾಡಲು ಇಷ್ಟಪಡಲಿಲ್ಲ’ ಅಂದರೆ ಸಾಕು, ಅಲ್ವಾ?

5. ‘ಲಾಯಿತು’ ಬಿಟ್ಟುಬಿಡಿ, ಮಾಡಿದವರು ಯಾರು ಹೇಳಿ

ಕಚೇರಿ ಕನ್ನಡದ ಒಂದು ಚಟ ಇದು: ‘ಸದರಿ ಬಾಲಕನನ್ನು ಸ್ಥಳಾಂತರಿಸಲಾಯಿತು’, ‘ಆಪ್ತಸಮಾಲೋಚನೆ ನೀಡಲಾಯಿತು’, ‘ತಾಯಿ ಹಾಜರಾಗಿರುವುದಿಲ್ಲ’. ಯಾರು ಮಾಡಿದರು, ಯಾಕೆ ಮಾಡಿದರು ಎನ್ನುವುದು ಎಲ್ಲೂ ಇಲ್ಲ. ಮುಂದೆ ಫೈಲ್ ಓದುವ ಆ ವ್ಯಕ್ತಿಗೆ ಬೇಕಾದದ್ದೇ ಅದು. ‘ನಾನು’ ಎಂದು ಬರೆಯಲು ನಾಚಿಕೆ ಬೇಡ. ‘ನಾನು ಅವನ ಜೊತೆ ಅರ್ಧ ಗಂಟೆ ಕೂತು ಮಾತಾಡಿದೆ’ ಎಂದರೆ ಜವಾಬ್ದಾರಿ ಯಾರದ್ದು ಎನ್ನುವುದೂ ಗೊತ್ತಾಗುತ್ತದೆ, ಅವನ ಜೊತೆ ಒಬ್ಬರು ಇದ್ದರು ಎನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಸಿಬ್ಬಂದಿಗೆಲ್ಲ ‘ಬಂದರು, ಹೇಳಿದರು’, ಮಗುವಿನ ತಾಯಿಗೆ ಮಾತ್ರ ‘ಬಂದಳು, ಕೂಗಾಡಿದಳು’. ಬರೆದವರ ಗಮನಕ್ಕೂ ಬಂದಿರುವುದಿಲ್ಲ. ಓದುವ ಮಗ ಅಥವಾ ಮಗಳ ಕಣ್ಣಿಗೆ ಮೊದಲು ಚುಚ್ಚುವುದೇ ಅದು. ಹೆತ್ತವರು ಏನೇ ಮಾಡಿರಲಿ, ಬಹುವಚನದಲ್ಲೇ ಬರೆಯಿರಿ.

6. ಒಂದು ನೋಟ್, ಎರಡು ರೀತಿ

ಹತ್ತು ವರ್ಷದ ಹುಡುಗ ಒಬ್ಬನ ಒಂದು ಸಂಜೆ ಅಂದುಕೊಳ್ಳಿ. ಎಂದಿನ ರೀತಿಯ ನೋಟ್ ಹೀಗಿರುತ್ತದೆ:

*‘ಸದರಿ ಬಾಲಕನು ರಾತ್ರಿ ಊಟದ ಸಮಯದಲ್ಲಿ ಆಕ್ರಮಣಕಾರಿಯಾಗಿ ವರ್ತಿಸಿ, ಯಾವುದೇ ಕಾರಣವಿಲ್ಲದೆ ತಟ್ಟೆ ಎಸೆದಿರುತ್ತಾನೆ. ತಾಯಿ ಭೇಟಿಗೆ ಬಂದಿರುವುದಿಲ್ಲ. ಆಪ್ತಸಮಾಲೋಚನೆ ನೀಡಲಾಯಿತು. ಬಾಲಕ ಸಹಕರಿಸಿರುವುದಿಲ್ಲ. ನಿಗಾ ಅಗತ್ಯ.’*

ಅದೇ ಸಂಜೆಯನ್ನು ಕಣ್ಣು ಬಿಟ್ಟು ನೋಡಿದವರು ಹೀಗೆ ಬರೆಯುತ್ತಾರೆ:

*‘ಸಂಜೆ 4ಕ್ಕೆ ಅಮ್ಮ ಬರುವುದಿತ್ತು. ಅವನು 3 ಗಂಟೆಯಿಂದಲೇ ಶಾಲೆಯಲ್ಲಿ ಬಿಡಿಸಿದ ಚಿತ್ರ ಹಿಡಿದು ಗೇಟಿನ ಹತ್ತಿರ ಕೂತಿದ್ದ. ಅಮ್ಮ ಬರಲಿಲ್ಲ. 5:30ಕ್ಕೆ ಫೋನ್ ಮಾಡಿದೆ, ಸ್ವಿಚ್ ಆಫ್ ಇತ್ತು. ಅವನಿಗೆ ಹಾಗೇ ಹೇಳಿದೆ. ಅವನು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಇನ್ನೊಬ್ಬ ಹುಡುಗ “ನಿಮ್ಮಮ್ಮ ಬರಲ್ಲ ಬಿಡೋ” ಅಂದ. ಆಗ ತಟ್ಟೆ ಎತ್ತಿ ಗೋಡೆಗೆ ಎಸೆದ. ಯಾರಿಗೂ ಪೆಟ್ಟಾಗಲಿಲ್ಲ. ಅಡುಗೆಯವರು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತರು. ಸುಮಾರು 20 ನಿಮಿಷ ಅತ್ತ. ನಾನು ಮಾತಾಡಿಸಲು ಹೋದಾಗ “ಈಗ ಬೇಡ” ಅಂದ, ಬಿಟ್ಟೆ. 9 ಗಂಟೆಗೆ ತಾನೇ ಬಂದು ತಟ್ಟೆ ಎತ್ತಿಟ್ಟ. ಚಿತ್ರ ನನ್ನ ಕೈಗೆ ಕೊಟ್ಟು “ಅಮ್ಮ ಬಂದ್ರೆ ಕೊಡಿ” ಅಂದ. ನನಗೆ ಅನ್ನಿಸಿದ್ದು: ಮಧ್ಯಾಹ್ನದಿಂದ ಕಾದ ಬೇಸರವೇ ಸಿಟ್ಟಾಗಿ ಬಂತು. ಮುಂದೆ: ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಕಾರಣ ಕೇಳುತ್ತೇನೆ. ಇನ್ನು ಮೇಲೆ ಭೇಟಿಯ ದಿನ ಅವರು ಹೊರಟಿದ್ದು ಖಾತ್ರಿಯಾದ ಮೇಲೆ ಅವನಿಗೆ ತಿಳಿಸುತ್ತೇವೆ. ಚಿತ್ರ ಫೈಲಿನಲ್ಲಿದೆ.’*

ತಟ್ಟೆ ಎಸೆದದ್ದನ್ನು ಎರಡನೆಯ ನೋಟ್ ಮುಚ್ಚಿಟ್ಟಿಲ್ಲ, ಗಮನಿಸಿ. ‘ಯಾವುದೇ ಕಾರಣವಿಲ್ಲದೆ’ ಎನ್ನುವುದು ಮಾತ್ರ ಹೋಗಿದೆ, ಏಕೆಂದರೆ ಕಾರಣ ಇತ್ತು. ಛೇಡಿಸಿದ ಹುಡುಗನ ಹೆಸರಿಲ್ಲ, ಅವನ ಹೆಸರು ಈ ಫೈಲಿಗೆ ಬೇಕಾಗಿಲ್ಲ. ಅಮ್ಮನ ಬಗ್ಗೆ ತೀರ್ಪಿಲ್ಲ. ಮರುದಿನ ಬರುವ ಸಿಬ್ಬಂದಿಗೆ ಏನು ಮಾಡಬೇಕು ಅಂತ ಗೊತ್ತು. ಉದ್ದವಾಯಿತು ಅನ್ನುತ್ತೀರಾ? ಹೌದು. ಆದರೆ ಪ್ರತಿದಿನ ಇಷ್ಟು ಬೇಕಿಲ್ಲ. ಮಾಮೂಲಿ ದಿನಕ್ಕೆ ಮೂರು ಸಾಲು ಸಾಕು: ಏನಾಯಿತು, ಮಗು ಹೇಗಿತ್ತು, ಮುಂದೇನು. ಏನಾದರೂ ಅಲ್ಲಾಡಿದ ದಿನ ಮಾತ್ರ ಕೂತು ಬರೆಯಿರಿ.

7. ಮಗುವಿನ ಮಾತು ಮಗುವಿನ ಬಾಯಲ್ಲೇ

ಮಗು ಆಡಿದ್ದನ್ನು ಆಡಿದ ಹಾಗೇ ಬರೆಯಿರಿ. ವ್ಯಾಕರಣ ತಿದ್ದಬೇಡಿ, ಬೇರೆ ಭಾಷೆಯಲ್ಲಿ ಹೇಳಿದ್ದರೆ ಅದನ್ನೂ ಇಟ್ಟು ಪಕ್ಕದಲ್ಲಿ ಅರ್ಥ ಬರೆಯಿರಿ. ‘ಮಗು ಮನೆಗೆ ಹೋಗಲು ಇಚ್ಛಿಸುತ್ತದೆ’ ಎನ್ನುವುದಕ್ಕೂ ‘ಅಜ್ಜಿ ಹತ್ರ ಹೋಗ್ತೀನಿ, ಅಪ್ಪ ಇದ್ರೆ ಬೇಡ’ ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಒಂದು ಎಚ್ಚರಿಕೆಯೂ ಇದೆ.

ಮಗು ದೌರ್ಜನ್ಯದ ಬಗ್ಗೆ ಹೇಳಿದರೆ ಈ ನಿಯಮ ಇನ್ನೂ ಬಿಗಿ. ಮಗು ಬಳಸಿದ ಪದಗಳನ್ನೇ ಬರೆಯಿರಿ, ಮುಜುಗರ ಅಂತ ಬದಲಿಸಬೇಡಿ. ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ, ಯಾಕೆಂದರೆ ‘ಅವರು ನಿನ್ನನ್ನು ಹೊಡೆದರಾ?’ ಎಂದು ಕೇಳಿ ಪಡೆದ ‘ಹೂಂ’ಗೂ ‘ಆಮೇಲೆ ಏನಾಯ್ತು?’ ಎಂದು ಕೇಳಿದಾಗ ಬಂದ ಮಾತಿಗೂ ಒಂದೇ ತೂಕ ಇಲ್ಲ. ಮೈಮೇಲೆ ಗುರುತು ಕಂಡರೆ ಎಲ್ಲಿ, ಎಷ್ಟು ದೊಡ್ಡದು, ಯಾವ ಬಣ್ಣ ಎಂದಷ್ಟೇ ಬರೆಯಿರಿ. ಎಷ್ಟು ದಿನದ ಗಾಯ ಎಂದು ಊಹಿಸುವುದು ನಮ್ಮ ಕೆಲಸವಲ್ಲ, ವೈದ್ಯರು ನೋಡಲಿ. ‘ಯಾರಿಗೂ ಹೇಳಲ್ಲ’ ಎಂದು ಮಗುವಿಗೆ ಮಾತು ಕೊಡಬೇಡಿ. ಕಾನೂನು ಪ್ರಕಾರ ತಿಳಿಸಬೇಕಾದವರಿಗೆ ತಕ್ಷಣ ತಿಳಿಸಿ, ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ ಎಂದು ಬರೆಯಿರಿ. ಇಲ್ಲಿ ಕಾಯಬಾರದು: ಮೊದಲು ಮಗುವಿನ ಸುರಕ್ಷತೆ, ಆಮೇಲೆ ನೀಟಾದ ನೋಟ್.

8. ಹೆತ್ತವರ ಬಗ್ಗೆ

‘ಬೇಜವಾಬ್ದಾರಿ ತಾಯಿ’ ಎಂದು ಬರೆದರೆ ಮುಂದೆ ಓದುವವರಿಗೆ ಏನೂ ತಿಳಿಯುವುದಿಲ್ಲ, ನೋವು ಮಾತ್ರ ಆಗುತ್ತದೆ. ‘ಈ ತಿಂಗಳು ಮೂರು ಭೇಟಿ ಇತ್ತು. ಒಂದಕ್ಕೆ ಬಂದರು. ಒಂದು ಸಲ ಬಸ್ಸಿಗೆ ದುಡ್ಡಿರಲಿಲ್ಲ ಎಂದರು. ಇನ್ನೊಂದರ ಕಾರಣ ಹೇಳಲಿಲ್ಲ’ ಎಂದು ಬರೆದರೆ ಭೇಟಿಗೆ ಬಸ್ ಖರ್ಚು ಕೊಡಿಸುವ ದಾರಿಯಾದರೂ ಹೊಳೆಯುತ್ತದೆ.

ಹಾಗಂತ ಹಿಂಸೆಯನ್ನು ಮೆತ್ತಗೆ ಮಾಡಬಾರದು. ಅಪ್ಪ ಹೊಡೆದು ಕೈ ಮುರಿದಿದ್ದರೆ ‘ಕೌಟುಂಬಿಕ ಸಮಸ್ಯೆಗಳ ಕಾರಣ’ ಎಂದು ಬರೆಯುವುದು ಮೋಸ. ದೊಡ್ಡವರಾದ ಮೇಲೆ ಆ ಸಾಲು ಓದಿ, ‘ಹಾಗಾದರೆ ನನ್ನದೇ ತಪ್ಪಿತ್ತೇನೋ’ ಅಂದುಕೊಳ್ಳುವವರಿದ್ದಾರೆ. ಮಾಡಿದವರು ಯಾರು, ಏನು ಮಾಡಿದರು, ಅದರಲ್ಲಿ ಮಗುವಿನ ತಪ್ಪು ಇಲ್ಲ ಎನ್ನುವುದು ಸ್ಪಷ್ಟವಾಗಿ ಇರಲಿ. ಅದೇ ಅಪ್ಪ ಮಗುವಿಗೆ ಹಾಡು ಹೇಳಿ ಮಲಗಿಸುತ್ತಿದ್ದರೆ ಅದನ್ನೂ ಬರೆಯಿರಿ. ಎರಡೂ ನಿಜವೇ.

9. ನಿರ್ಧಾರದ ಜೊತೆ ಕಾರಣ

ಫೈಲ್ ಓದುವ ದೊಡ್ಡವರು ಹುಡುಕುವ ಪ್ರಶ್ನೆ ಬಹುತೇಕ ಒಂದೇ: ಯಾಕೆ? ಯಾಕೆ ನನ್ನನ್ನು ಕರೆತಂದರು, ಯಾಕೆ ಅಣ್ಣನಿಂದ ಬೇರೆ ಮಾಡಿದರು, ಯಾಕೆ ಮೂರು ಸಲ ಜಾಗ ಬದಲಿಸಿದರು. ದೊಡ್ಡ ನಿರ್ಧಾರ ಆದಾಗಲೆಲ್ಲ ಯಾರು ತೆಗೆದುಕೊಂಡರು, ಬೇರೆ ಏನೇನು ದಾರಿ ಯೋಚಿಸಿದ್ದರು, ಅವು ಯಾಕೆ ಆಗಲಿಲ್ಲ, ಮಗುವನ್ನು ಕೇಳಿದಾಗ ಏನು ಹೇಳಿತು, ಅದರ ಇಷ್ಟದಂತೆ ಆಗದಿದ್ದರೆ ಏನು ವಿವರಣೆ ಕೊಟ್ಟಿರಿ ಎಂದು ಬರೆಯಿರಿ. ಇಬ್ಬರಿಗೂ ಜಾಗ ಇಲ್ಲದ್ದರಿಂದ ಅಣ್ಣ ತಂಗಿಯನ್ನು ಬೇರೆ ಮಾಡಿದ್ದರೆ ಜಾಗ ಇರಲಿಲ್ಲ ಅಂತಲೇ ಬರೆಯಿರಿ. ‘ಮಗುವಿನ ಹಿತದೃಷ್ಟಿಯಿಂದ’ ಎಂಬ ಮಾತಿನ ಹಿಂದೆ ವ್ಯವಸ್ಥೆಯ ಕೊರತೆಯನ್ನು ಅಡಗಿಸಬೇಡಿ.

10. ಒಳ್ಳೆಯದನ್ನೂ ದಾಖಲಿಸಿ, ಹಸುಗೂಸಿನ ವಿಷಯದಲ್ಲಿ ಎಲ್ಲವನ್ನೂ

ಫೈಲಿನಲ್ಲಿ ಬರೀ ಜಗಳ, ಜ್ವರ, ದೂರುಗಳೇ ಇದ್ದರೆ ಅದು ಅರ್ಧ ಬಾಲ್ಯ. ಮೊದಲ ಹಲ್ಲು ಬಿದ್ದದ್ದು, ಸೈಕಲ್ ಕಲಿತದ್ದು, ಯಾವ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು, ಯಾರ ಜೊತೆ ಗೆಳೆತನ: ಇವೂ ಬೇಕು. ‘ಖುಷಿಯಾಗಿದ್ದಾಳೆ’ ಎಂಬ ಒಣ ಸಾಲು ಸಾಲದು, ಒಂದು ವಿವರ ಕೊಡಿ. ಫೋಟೋ ಇಟ್ಟರೆ ಹಿಂದೆ ದಿನಾಂಕ, ಜಾಗ ಬರೆಯಿರಿ. ನಾನು ಮೊದಲು ಹೇಳಿದ ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಪ್ರತಿ ಮಗುವಿಗೂ ಫೋಟೋ, ನೆನಪಿನ ವಸ್ತುಗಳಿರುವ ಜೀವನಕಥೆಯ ಪುಸ್ತಕ ಇರಬೇಕು, ಅದನ್ನು ಮಗುವನ್ನೂ ಸೇರಿಸಿಕೊಂಡೇ ಮಾಡಬೇಕು ಎನ್ನುತ್ತವೆ.

ಯಾರೂ ಇಲ್ಲದೆ ಸಿಕ್ಕಿದ ಹಸುಗೂಸಾದರೆ ಮೊದಲ ದಿನದ ನೋಟ್‌ಗೆ ಬೆಲೆ ಕಟ್ಟಲಾಗದು. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ಯಾರು ಎತ್ತಿಕೊಂಡರು, ಮೈಮೇಲೆ ಯಾವ ಬಟ್ಟೆ ಇತ್ತು, ಯಾವ ಬಣ್ಣದ್ದು, ಜೊತೆಗೆ ಏನಿತ್ತು, ಹೆಸರಿಟ್ಟವರು ಯಾರು, ಯಾಕೆ ಆ ಹೆಸರು. ಬೆಚ್ಚಗೆ ಸುತ್ತಿ, ಜನ ಓಡಾಡುವ ಜಾಗದಲ್ಲಿ ಮಲಗಿಸಿದ್ದರೆ ಅದನ್ನು ಕಂಡ ಹಾಗೇ ಬರೆಯಿರಿ, ಅರ್ಥವನ್ನು ನೀವು ಸೇರಿಸಬೇಡಿ. ‘ಪರಿತ್ಯಕ್ತ ಶಿಶು’ ಎಂದು ಫಾರ್ಮ್ ಕೇಳಿದರೆ ಫಾರ್ಮಿನಲ್ಲಿ ತುಂಬಿ, ನೋಟ್‌ನಲ್ಲಿ ಮಗು ಎಂದೇ ಕರೆಯಿರಿ. ಆ ಬಟ್ಟೆಯನ್ನು ಒಗೆದು ಬೇರೆ ಮಗುವಿಗೆ ಹಾಕಿಬಿಡಬೇಡಿ, ಚೀಟಿ ಅಂಟಿಸಿ ಎತ್ತಿಡಿ.

11. ‘ನೀನು’ ಎಂದು ಬರೆಯಬಹುದೇ?

ಕೆಲವು ಕಡೆ ನೋಟನ್ನು ಮಗುವಿಗೇ ಬರೆದಂತೆ ಬರೆಯುವ ರೂಢಿ ಇದೆ: ‘ಇವತ್ತು ನೀನು ಬಂದ ಕೂಡಲೇ ಬೆಕ್ಕು ಎಲ್ಲಿ ಅಂತ ಕೇಳಿದೆ.’ ಭೇಟಿಯ ನೋಟ್, ಪರಿಶೀಲನೆಯ ವರದಿ, ಜಾಗ ಬದಲಿಸಿದ ಕಾರಣ, ಇವುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ‘ನೀನು ಹಟಮಾರಿ’ ಎಂದು ಮುಖಕ್ಕೆ ಬರೆಯಲು ಕೈ ಬರುವುದಿಲ್ಲವಲ್ಲ, ಅದೇ ಇದರ ದೊಡ್ಡ ಲಾಭ. ದೌರ್ಜನ್ಯದ ದಾಖಲೆ, ಔಷಧಿ ಚಾರ್ಟ್, ನ್ಯಾಯಾಲಯಕ್ಕೆ ಹೋಗುವ ವರದಿಗೆ ಇದು ಬೇಡ. ಹದಿನಾರು ಹದಿನೇಳರವರಿಗೆ ಹೇಗೆ ಬರೆಯಲಿ ಎಂದು ಅವರನ್ನೇ ಕೇಳಿ. ಕೆಲವರಿಗೆ ‘ನೀನು’ ತೀರಾ ಸಲುಗೆ ಅನ್ನಿಸಬಹುದು.

12. ಮಗುವಿಗೆ ಓದಲು ಕೊಡಿ

ಓದುವ ವಯಸ್ಸಿನ ಮಕ್ಕಳಿಗೆ ಅವರ ಬಗ್ಗೆ ಬರೆದದ್ದನ್ನು ಆಗಾಗ ತೋರಿಸಿ, ಚಿಕ್ಕವರಿಗೆ ಓದಿ ಹೇಳಿ. ‘ಹಾಗಲ್ಲ ನಡೆದದ್ದು’ ಎಂದರೆ ವಾದ ಬೇಡ. ಅವರ ಮಾತನ್ನೂ ಕೆಳಗೆ ಸೇರಿಸಿ, ಸಾಧ್ಯವಾದರೆ ಅವರ ಕೈಬರಹದಲ್ಲೇ. ನಿಮ್ಮ ಬರಹದಲ್ಲಿ ತಪ್ಪಿದ್ದರೆ ಹಳೆಯದನ್ನು ಅಳಿಸದೆ, ತಿದ್ದುಪಡಿ ಬರೆದು ದಿನಾಂಕ ಮತ್ತು ಸಹಿ ಹಾಕಿ. ಕೆಲವು ವಿಷಯ ತಕ್ಷಣ ತೋರಿಸಲು ಆಗುವುದಿಲ್ಲ: ತನಿಖೆ ನಡೆಯುತ್ತಿರುವುದು, ಬೇರೆಯವರ ಖಾಸಗಿ ಮಾಹಿತಿ. ಅವನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟರೆ ಉಳಿದದ್ದನ್ನು ತೋರಿಸುವುದು ಸುಲಭ.

ಗೋಪ್ಯತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಬ್ಬಂದಿಯ ವಾಟ್ಸಾಪ್ ಗ್ರೂಪ್ ಫೈಲ್ ಅಲ್ಲ. ಮಗುವಿನ ಫೋಟೋ, ಹೆಸರು, ಘಟನೆ ಅಲ್ಲಿಗೆ ಹೋಗಬಾರದು.

13. ಮುಚ್ಚುವ ಮುನ್ನ, ಮತ್ತು ಅವರು ತಿರುಗಿ ಬಂದಾಗ

ಬರೆದಾದ ಮೇಲೆ ಒಮ್ಮೆ ಮೆಲ್ಲಗೆ ಬಾಯಿಬಿಟ್ಟು ಓದಿ. ಮಗು ಪಕ್ಕದಲ್ಲೇ ಕೂತಿದ್ದರೆ ಯಾವ ಸಾಲಿಗೆ ನಾಲಿಗೆ ತಡವರಿಸುತ್ತದೆ ನೋಡಿ. ಆ ಸಾಲು ನಿಜವೋ, ಬರೀ ಹಣೆಪಟ್ಟಿಯೋ? ನಿಜವಾದರೆ ಇರಲಿ, ಕಾರಣದ ಜೊತೆ ಇರಲಿ. ಹಣೆಪಟ್ಟಿಯಾದರೆ ಹೊಡೆದುಹಾಕಿ.

ಹದಿನೆಂಟು ತುಂಬಿ ಹೊರಡುವವರಿಗೆ ಫೈಲ್ ಎಲ್ಲಿರುತ್ತದೆ, ನೋಡಬೇಕಾದರೆ ಯಾರನ್ನು ಕೇಳಬೇಕು ಎಂದು ಬರೆದು ಕೊಡಿ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಲಸಿಕೆ ದಾಖಲೆ, ಫೋಟೋಗಳನ್ನು ಅವರ ಕೈಗೇ ಕೊಡಿ. ಮುಂದೆ ಯಾವತ್ತಾದರೂ ಫೈಲ್ ಓದಲು ಬಂದರೆ ಕಟ್ಟು ಕೈಗಿಟ್ಟು ಸುಮ್ನೆ ಕಳಿಸಬೇಡಿ. ಕೂರಲು ಜಾಗ ಕೊಡಿ, ಪ್ರಶ್ನೆ ಕೇಳಲು ಒಬ್ಬರು ಪಕ್ಕದಲ್ಲಿರಲಿ. ಬೇರೆಯವರ ಮಾಹಿತಿ ಅಂತ ಕಪ್ಪು ಬಳಿದ ಸಾಲುಗಳಿದ್ದರೆ ಯಾಕೆ ಬಳಿದಿದ್ದೇವೆ ಎಂದು ಮೊದಲೇ ಹೇಳಿ. ಒಂದೇ ದಿನದಲ್ಲಿ ಓದಿ ಮುಗಿಸಬೇಕಿಲ್ಲ, ಮತ್ತೆ ಬರಬಹುದು ಎಂದೂ ತಿಳಿಸಿ.